ಹಳೇ ಫೋರ್ ವೀಲ್ ಜೀಪಿನ ಪಾಟಾ ಮುರಿದರೆ ವೆಲ್ಡ್ ಮಾಡಿಸಬಹುದಾ?

ಬೇಡ. ಪಾಟಾ ಅಂದ್ರೆ ಲೀಫ್ ಸ್ಪ್ರಿಂಗ್, ಒಂದರ ಮೇಲೊಂದು ಕೂರಿಸಿದ ಉಕ್ಕಿನ ಪಟ್ಟಿಗಳು (ಎಲೆಗಳು). ಅದು ಸ್ಪ್ರಿಂಗ್ ಸ್ಟೀಲಿನದು, ವೆಲ್ಡಿಂಗ್ ಕಾವಿಗೆ ಅದರ ಹದ ಕೆಡುತ್ತದೆ, ಜಾಯಿಂಟಿನ ಪಕ್ಕದಲ್ಲೇ ಮತ್ತೆ ಲಟಕ್ ಅಂತ ಮುರಿಯುತ್ತದೆ. ನಾನೂ ಒಮ್ಮೆ ಇನ್ನೂರು ರೂಪಾಯಿ ಉಳಿಸಲು ಹೋಗಿ ಬೆಳಗಾವಿ-ಗೋವಾ ದಾರಿಯ ಚೋರ್ಲಾ ಘಾಟಿನಲ್ಲಿ ಮಳೆಯಲ್ಲಿ ನಿಂತವನೇ.

ಮೊದಲು ಯಾವ ಎಲೆ ಮುರಿದಿದೆ ನೋಡಿ. ಕೆಳಗಿನ ಸಣ್ಣ ಎಲೆ ಆದರೆ ನಿಧಾನವಾಗಿ ಬೆಳಗಾವಿ ತನಕ ಬರಬಹುದು. ಆದರೆ ಎರಡೂ ತುದಿಗೆ ಕಣ್ಣು (ಸುರುಳಿ ತೂತು) ಇರುವ ಮೇಲಿನ ಮುಖ್ಯ ಎಲೆ ಹೋಗಿದ್ದರೆ ಓಡಿಸಲೇಬೇಡಿ, ಯಾಕಂದ್ರೆ ಚಕ್ರಗಳ ಅಚ್ಚನ್ನು, ಅಂದರೆ ಆಕ್ಸಲ್ಲನ್ನು, ಜಾಗದಲ್ಲಿ ಹಿಡಿದಿರುವುದೇ ಅದು, ಗಾಡಿ ಒಂದು ಕಡೆ ಎಳೆಯುತ್ತದೆ.

ಮುರಿದ ಎಲೆಯನ್ನೇ ಕೈಯಲ್ಲಿ ಹಿಡಿದು ಪಾಟಾ ಅಂಗಡಿಗೆ ಹೋಗಿ. ಉದ್ದ, ಅಗಲ, ದಪ್ಪ, ಬಾಗು ನಾಲ್ಕೂ ತಾಳೆ ಆಗಬೇಕು. ಒಂದು ಎಲೆಯಲ್ಲ, ಪೂರ್ತಿ ಸೆಟ್ಟೇ ಹೊಸದು ಹಾಕುವುದಾದರೆ, ಒಂದೇ ಬದಿಗೆ ಹಾಕಿದರೆ ಗಾಡಿ ವಾಲಿ ನಿಲ್ಲುತ್ತದೆ, ಹಾಗಾಗಿ ಎಡ-ಬಲ ಜೋಡಿಯಾಗೇ ಬದಲಿಸಿ.

ಬಿಚ್ಚುವಾಗ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಗಟ್ಟಿ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ. ಆಕ್ಸಲ್ಲಿಗೆ ಇನ್ನೊಂದು ಜಾಕ್ ಇರಲಿ. ಪಾಟಾವನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಹಾಕಿ, ಹಳೆಯದು ಎಳೆದು ಸೋತಿರುತ್ತದೆ. ಎಲೆಗಳನ್ನು ನಡುವೆ ಜೋಡಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ. ತುಂಬ ಮೆಕ್ಯಾನಿಕ್‌ಗಳು ಇಲ್ಲೇ ಅವಸರ ಮಾಡುತ್ತಾರೆ. ಕಣ್ಣಿನೊಳಗೆ ರಬ್ಬರ್ ಬುಶ್ ಇದ್ದರೆ ಶ್ಯಾಕಲ್ (ಪಾಟಾ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ನಟ್ಟನ್ನು ಗಾಡಿ ನೆಲಕ್ಕಿಳಿಸಿ ಭಾರ ಕೂತ ಮೇಲೆ ಬಿಗಿ ಮಾಡಿ, ಇಲ್ಲಾಂದ್ರೆ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಜಾಂಬೋಟಿ ಕಡೆ ಒಂದು ಸುತ್ತು ಹೋಗಿ ಬಂದು ಯು-ಬೋಲ್ಟ್ ಮತ್ತೆ ಬಿಗಿ ಮಾಡಿ. ಅದು ಸಡಿಲ ಇದ್ದರೆ ಮುಂದೆ ಮುರಿಯುವುದು ಸೆಂಟರ್ ಬೋಲ್ಟೇ.