ಪಬ್‌ನೊಳಗೆ ಬಾಗಿಲಿರುವ ಕೋಣೆ ಯಾಕೆ?

ಪ್ರಶ್ನೆ: ಮೇಡಂ, ಮಗಳು ಬೆಲ್‌ಫಾಸ್ಟ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿನ ಕ್ರೌನ್ ಲಿಕ್ಕರ್ ಸಲೂನ್ ಎಂಬ ಹಳೇ ಪಬ್‌ನ ಫೋಟೊ ಕಳಿಸಿದ್ದಳು. ನೋಡಿದರೆ ಚರ್ಚ್ ಅನ್ನಬೇಕು! ಕುಡಿಯೋ ಜಾಗಕ್ಕೆ ಇಷ್ಟು ಅಲಂಕಾರ ಯಾಕೆ? ಬಾಗಿಲಿರುವ ಪುಟ್ಟ ಕೋಣೆಗಳು ಯಾಕೆ? ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತಿದ್ದೇವೆ. ಕುಡಿಯದ ನಾವು ಒಳಗೆ ಹೋಗಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಚರ್ಚ್ ನೆನಪಾಗಿದ್ದು ಸರಿಯೇ ಇದೆ. 1885ರಲ್ಲಿ ಪ್ಯಾಟ್ರಿಕ್ ಫ್ಲಾನಗನ್ ಈ ಪಬ್ಬನ್ನು ಹೊಸದಾಗಿ ಮಾಡಿಸಿದ. ಆಗ ಊರಿನ ಚರ್ಚ್‌ಗಳ ಕೆಲಸಕ್ಕೆಂದು ಇಟಲಿಯಿಂದ ಕುಶಲಕರ್ಮಿಗಳು ಬಂದಿದ್ದರು. ಅವರ ದಿನದ ಕೆಲಸ ಮುಗಿದ ಮೇಲೆ ಪುಸಲಾಯಿಸಿ ಇಲ್ಲಿಗೆ ಕರೆತಂದನಂತೆ. ಆಗ ಎದುರಿಗೇ ರೈಲ್ವೆ ಸ್ಟೇಷನ್ ಇತ್ತು. ಇಳಿದವರ ಕಣ್ಣು ಮೊದಲು ತನ್ನ ಅಂಗಡಿ ಮೇಲೇ ಬೀಳಬೇಕಲ್ವಾ! ಹೊರಗೆ ಕಲ್ಲಿದ್ದಲ ಹೊಗೆ, ಒಳಗೆ ಗ್ಯಾಸ್ ದೀಪ, ಆ ಬೆಳಕನ್ನು ಇಮ್ಮಡಿ ಮಾಡುವ ಕನ್ನಡಿ ಮತ್ತು ಟೈಲ್ಸ್. ಟೈಲ್ಸ್‌ನಿಂದ ಇನ್ನೊಂದು ಲಾಭ: ಮಸಿ ಕೂತರೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು.

ಇನ್ನು ಆ ಕೋಣೆಗಳು. ಅವಕ್ಕೆ ಸ್ನಗ್ ಎನ್ನುತ್ತಾರೆ. ಒಟ್ಟು 10, ಎ-ಯಿಂದ ಜೆ-ವರೆಗೆ ಅಕ್ಷರ ಹಾಕಿದ್ದಾರೆ. ನಮ್ಮ ಹಳೇ ಹೋಟೆಲುಗಳ ಫ್ಯಾಮಿಲಿ ರೂಮ್ ಇದ್ದ ಹಾಗೆ, ಪರದೆ ಬದಲು ಕೆತ್ತನೆಯ ಮರ. ಕುಡಿಯುವುದು ನಾಲ್ಕು ಜನರಿಗೆ ಕಾಣಬಾರದು ಎನ್ನುವವರಿಗೆ ಇವು. ಹೆಂಗಸರು ಬಾರ್‌ನಲ್ಲಿ ನಿಂತರೆ ಊರೆಲ್ಲ ಮಾತಾಡುತ್ತಿದ್ದ ಕಾಲ ಅದು. ಒಳಗೆ ಕೂತು ಬೆಲ್ ಒತ್ತಿದರೆ ಸಾಕು, ಯಾವ ಕೋಣೆಯಿಂದ ಕರೆ ಬಂತು ಎಂದು ಬಾರ್‌ನಲ್ಲಿರುವ ಬೋರ್ಡ್ ತೋರಿಸುತ್ತಿತ್ತು. ಗೋಡೆಯಲ್ಲಿ ಕಡ್ಡಿ ಗೀರೋಕೆಂದೇ ಕೂರಿಸಿದ ಲೋಹದ ಪಟ್ಟಿ ಇದೆ. ನನಗೆ ಇಡೀ ಪಬ್‌ನಲ್ಲಿ ಜಾಸ್ತಿ ಇಷ್ಟವಾದದ್ದು ಅದೇ. ಬೆಂಕಿ ಕೇಳೋಕೂ ಯಾರೂ ಹೊರಗೆ ಬರಬೇಕಿರಲಿಲ್ಲ! ಲಂಡನ್‌ನ ದಿ ಲ್ಯಾಂಬ್ ಪಬ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕೌಂಟರ್ ಮೇಲೆಯೇ ತಿರುಗುವ ಚಿತ್ತಾರದ ಗಾಜುಗಳಿವೆ. ಕೊಡುವವರಿಗೂ ಕುಡಿಯುವವರ ಮುಖ ಕಾಣಬಾರದು.

ಫೋಟೊದಲ್ಲಿ ನೋಡಿದ ಬಣ್ಣದ ಗಾಜೆಲ್ಲ ಅಂದಿನದೇ ಎಂದುಕೊಳ್ಳಬೇಡಿ. ಉತ್ತರ ಐರ್ಲೆಂಡ್ ದಶಕಗಳ ಕಾಲ ಹಿಂಸೆಯಲ್ಲಿ ಬೆಂದ ಗಲಭೆಯ ವರ್ಷಗಳಲ್ಲಿ ಎದುರಿನ ಯೂರೋಪಾ ಹೋಟೆಲ್ ಮೇಲೆ ಮತ್ತೆ ಮತ್ತೆ ಬಾಂಬ್ ದಾಳಿ ನಡೆಯಿತು. ಆ ಹೊಡೆತಕ್ಕೆ ಇಲ್ಲಿನ ಕಿಟಕಿಗಳೂ ಒಡೆದವು. 1978ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಪಬ್ಬನ್ನು ಕೊಂಡು, ಸುಮಾರು 4 ಲಕ್ಷ ಪೌಂಡ್ ಹಾಕಿ ರಿಪೇರಿ ಮಾಡಿಸಿತು.

ಕುಡಿಯದವರು ಧಾರಾಳವಾಗಿ ಹೋಗಬಹುದು. ನಾನೂ ಬರೀ ಟೊಮ್ಯಾಟೊ ಜ್ಯೂಸ್ ಹಿಡಿದು ಕೂತವಳೇ. ಊಟವೂ ಸಿಗುತ್ತದೆ. ಸಂಜೆ ಹೋದರೆ ಸ್ನಗ್ ಖಾಲಿ ಸಿಗೋದು ಕಷ್ಟ, ಮಧ್ಯಾಹ್ನದ ಒಳಗೇ ಹೋಗಿ. ಒಳಗೆ ಕಾಲಿಡುವಾಗ ಒಂದು ಸಲ ಕೆಳಗೂ ನೋಡಿ, ಹೊಸ್ತಿಲ ಬಳಿ ನೆಲದಲ್ಲೇ ಕಲ್ಲಿನ ಚೂರುಗಳಿಂದ ಮಾಡಿದ ಕಿರೀಟವಿದೆ.