ಸ್ಕ್ಯಾನರಿನ ದೀಪವೇ ಹೊತ್ತದಿದ್ದರೆ

ಕಾರವಾರದಲ್ಲಿರುವ ನಿಮ್ಮ 2011ರ ಕಾರಿನ ಓಬಿಡಿ ಪೋರ್ಟಿಗೆ (ದೋಷ ಪತ್ತೆಗೆಂದು ಕಾರಿನಲ್ಲಿರುವ 16 ಪಿನ್ನುಗಳ ಸಾಕೆಟ್) ಸ್ಕ್ಯಾನರ್ ಜೋಡಿಸಿದರೆ ದೀಪವೇ ಹೊತ್ತುವುದಿಲ್ಲ, ಇಸಿಯು (ಎಂಜಿನನ್ನು ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕೇ ಎಂದು ಕೇಳಿದ್ದೀರಿ. ಅಷ್ಟು ದೂರ ಹೋಗುವ ಮೊದಲು, ಮಲ್ಟಿಮೀಟರಿನ ಕಪ್ಪು ತಂತಿಯನ್ನು ಪೋರ್ಟಿನ 4ನೆಯ ಪಿನ್ನಿಗೂ (ಅರ್ಥಿಂಗ್) ಕೆಂಪು ತಂತಿಯನ್ನು 16ನೆಯದಕ್ಕೂ (ಬ್ಯಾಟರಿಯ ಪ್ಲಸ್) ಮುಟ್ಟಿಸಿ, ಕೀಲಿ ತಿರುಗಿಸದಿದ್ದಾಗಲೂ ಸುಮಾರು 12 ವೋಲ್ಟ್ ಬರುತ್ತಿದೆಯೇ ನೋಡಿ. ಬಾರದಿದ್ದರೆ ಕಪ್ಪು ತಂತಿಯನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಮುಟ್ಟಿಸಿರಿ. ಆಗ ಬಂದರೆ ದೋಷ ಅರ್ಥಿಂಗಿನದು, ಆಗಲೂ ಬಾರದಿದ್ದರೆ ಬಹುಶಃ ಫ್ಯೂಸಿನದು. ಹಲವು ಕಾರುಗಳಲ್ಲಿ ಸಿಗರೇಟ್ ಲೈಟರಿಗೂ ಈ ಪೋರ್ಟಿಗೂ ಒಂದೇ ಫ್ಯೂಸ್ ಇರುವುದರಿಂದ, ಕಳಪೆ ಮೊಬೈಲ್ ಚಾರ್ಜರೊಂದು ಅದನ್ನು ಎಂದೋ ಸುಟ್ಟಿರಲೂಬಹುದು. ನಮ್ಮ ಕಡಲ ಗಾಳಿಗೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ, ಬ್ಯಾಟರಿ ಕಳಚಿ ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆಯಿರಿ, ಮರಳುಕಾಗದ ಮಾತ್ರ ಬೇಡ.