ಸಂಪಾದಕರ ಉತ್ತರ: ಎರಡನೆಯ ‘ವಂಡರ್ ವುಮನ್’ ಮತ್ತು ನಮ್ಮ ನಿರೀಕ್ಷೆ

ಮಾನ್ಯರೇ,

‘ವಂಡರ್ ವುಮನ್ 1984’ ಚಿತ್ರವನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಬರೆದ ಟಿಪ್ಪಣಿ ಅತಿ ಕಠಿಣವಾಯಿತೆಂದು ತಾವು ತೀರ್ಥಹಳ್ಳಿಯಿಂದ ಪತ್ರ ಬರೆದಿದ್ದೀರಿ. ಕೊರೊನಾ ಕಾಲದಲ್ಲಿ ತೆರೆಗೆ ಬಂದ ಚಿತ್ರವನ್ನು ಗಳಿಕೆಯಿಂದ ಅಳೆಯುವುದು ಅನ್ಯಾಯವೆಂಬುದು ತಮ್ಮ ಮೊದಲ ಆಕ್ಷೇಪ. ನಿರೀಕ್ಷೆಯೆಂಬುದು ನೋಡುವವರು ತಾವಾಗಿ ಹೊತ್ತು ತರುವ ಹೊರೆ, ಅದು ಈಡೇರದಿದ್ದರೆ ಚಿತ್ರದ ತಪ್ಪೇನು ಎಂಬುದು ಎರಡನೆಯದು. ಮಲೆನಾಡಿನ ಜನ ಒಂದೇ ಪ್ರಸಂಗವನ್ನು ವರ್ಷ ವರ್ಷವೂ ಬೆಳಗಿನ ಜಾವದವರೆಗೆ ಕುಳಿತು ನೋಡುತ್ತಾರೆ, ನಿರಾಶೆಯಾಯಿತೆಂದು ಯಾರೂ ದೂರುವುದಿಲ್ಲ ಎಂದು ಅದಕ್ಕೆ ಯಕ್ಷಗಾನದ ಉದಾಹರಣೆಯನ್ನೂ ಕೊಟ್ಟಿದ್ದೀರಿ. ಕೊನೆಯಲ್ಲಿ, ತಮ್ಮ ಪ್ರೌಢಶಾಲೆಯ ಮಕ್ಕಳಿಗೆ ಈ ಎರಡು ಚಿತ್ರಗಳಲ್ಲಿ ಯಾವುದನ್ನು ತೋರಿಸಬಹುದೆಂದು ಕೇಳಿದ್ದೀರಿ.

ಮೊದಲ ಆಕ್ಷೇಪಕ್ಕೆ ನಮ್ಮ ತಕರಾರಿಲ್ಲ. 2017ರ ಮೊದಲ ಚಿತ್ರ ‘ವಂಡರ್ ವುಮನ್’ ಜಗತ್ತಿನಾದ್ಯಂತ ಸುಮಾರು 82 ಕೋಟಿ ಡಾಲರ್ ಗಳಿಸಿದರೆ, 2020ರ ಡಿಸೆಂಬರಿನಲ್ಲಿ ಬಂದ ಈ ಚಿತ್ರ 17 ಕೋಟಿಯ ಆಸುಪಾಸಿನಲ್ಲಿ ನಿಂತಿತು. ಆದರೆ ಆಗ ನಮ್ಮ ದೇಶದ ಚಿತ್ರಮಂದಿರಗಳಲ್ಲಿ ಅರ್ಧದಷ್ಟು ಆಸನಗಳನ್ನು ಮಾತ್ರ ತುಂಬಲು ಅನುಮತಿಯಿತ್ತು. ಅಮೆರಿಕದಲ್ಲಂತೂ ಚಿತ್ರಮಂದಿರಕ್ಕೆ ಬಂದ ದಿನವೇ ಅದು ಮನೆಯ ಪರದೆಗೂ ಬಂದಿತ್ತು. ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ, ರೋಗದ ಭಯವನ್ನೂ ಕಟ್ಟಿಕೊಂಡು, ಸಿನಿಮಾ ನೋಡಲೆಂದು ಘಟ್ಟದ ಹಳ್ಳಿಗಳಿಂದ ಶಿವಮೊಗ್ಗಕ್ಕೆ ಬರುವವರು ಎಷ್ಟು ಮಂದಿ? ಆ ಲೆಕ್ಕವನ್ನು ಇಲ್ಲಿಗೇ ಬಿಡೋಣ.

ಎರಡನೆಯ ಮಾತನ್ನು ಮಾತ್ರ ಒಪ್ಪಲಾರೆವು, ಏಕೆಂದರೆ ಆ ನಿರೀಕ್ಷೆಯನ್ನು ಮೊದಲ ಚಿತ್ರವೇ ಹುಟ್ಟಿಸಿತ್ತು. ಅದರ ಕಥೆ ನಡೆಯುವುದು 1918ರಲ್ಲಿ, ಮೊದಲ ಮಹಾಯುದ್ಧದ ಕೊನೆಯ ದಿನಗಳಲ್ಲಿ. ಯುದ್ಧದೇವತೆ ಏರೀಸ್‌ನನ್ನು ಕೊಂದರೆ ಯುದ್ಧ ತಾನಾಗಿ ನಿಲ್ಲುತ್ತದೆಂದು ನಂಬಿದ ಡಯಾನಾ, ಅಂದರೆ ವಂಡರ್ ವುಮನ್, ಜರ್ಮನ್ ಸೇನಾಧಿಕಾರಿ ಲೂಡೆನ್‌ಡಾರ್ಫ್‌ನೇ ಆ ದೇವತೆಯೆಂದು ತಿಳಿದು ಅವನನ್ನು ಕೊಲ್ಲುತ್ತಾಳೆ. ಕೊಂದು ತಿರುಗಿ ನೋಡಿದರೆ ಸೈನಿಕರು ವಿಷಾನಿಲದ ಸಿಲಿಂಡರುಗಳನ್ನು ಮೊದಲಿನಂತೆಯೇ ವಿಮಾನಕ್ಕೆ ಏರಿಸುತ್ತಿರುತ್ತಾರೆ. ಗುಂಡಿನ ಮಳೆಯ ನಡುವೆ ಕಂದಕ ದಾಟಿ ಹೋಗಿ ಅವಳು ಬಿಡಿಸಿದ್ದ ಹಳ್ಳಿಯ ಜನರೆಲ್ಲ ಆ ವೇಳೆಗಾಗಲೇ ಅದೇ ಅನಿಲಕ್ಕೆ ಬಲಿಯಾಗಿರುತ್ತಾರೆ. ಅವಳು ಪ್ರೀತಿಸಿದ ಸ್ಟೀವ್ ಟ್ರೆವರ್ ಅನಿಲ ತುಂಬಿದ ವಿಮಾನವನ್ನು ಆಕಾಶಕ್ಕೆ ಒಯ್ದು, ಅದರೊಡನೆ ತಾನೂ ಸಿಡಿದುಹೋಗುತ್ತಾನೆ. ನಿಜವಾದ ಏರೀಸ್ ಕೊನೆಗೆ ಸಾಯುತ್ತಾನೆ, ಆದರೆ ಸತ್ತ ಹಳ್ಳಿಯವರಾಗಲಿ ಸ್ಟೀವ್ ಆಗಲಿ ಮರಳುವುದಿಲ್ಲ. ಅತಿಮಾನುಷ ಶಕ್ತಿಯಿದ್ದರೂ ತಡೆಯಲಾಗದ ನಷ್ಟವೊಂದಿದೆ ಎಂದು ಪ್ರೇಕ್ಷಕರನ್ನು ನಂಬಿಸಿದವರು ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್.

ಎರಡನೆಯ ಚಿತ್ರವೂ ಅವರದೇ. ಇಲ್ಲಿ ಬೇಡಿದ್ದನ್ನು ಕೊಡುವ ಒಂದು ಕಲ್ಲು ಬರುತ್ತದೆ. ಡಯಾನಾ ಬೇಡುತ್ತಾಳೆ, ಅರವತ್ತಾರು ವರ್ಷಗಳ ಹಿಂದೆ ಸತ್ತ ಸ್ಟೀವ್ ಬರುತ್ತಾನೆ. ಬರುವುದು ಮತ್ತಾರದೋ ದೇಹದಲ್ಲಿ. ಆ ಬಡಪಾಯಿಯ ಮನೆ, ಬಟ್ಟೆ, ಮೈ ಎಲ್ಲವನ್ನೂ ಇಬ್ಬರೂ ಬಳಸಿಕೊಳ್ಳುತ್ತಾರಾದರೂ ಅವನ ಹೆಸರೇನೆಂದು ಚಿತ್ರ ಕೇಳುವುದೇ ಇಲ್ಲ. ವರಕ್ಕೆ ಪ್ರತಿಯಾಗಿ ಡಯಾನಾಳ ಶಕ್ತಿ ಕುಂದುತ್ತದೆ, ಅವಳು ಸ್ಟೀವ್‌ನನ್ನು ಮತ್ತೊಮ್ಮೆ ಬಿಟ್ಟುಕೊಡಬೇಕಾಗುತ್ತದೆ. ಆ ಬೀಳ್ಕೊಡುಗೆಯಲ್ಲಿ ಗಾಲ್ ಗಡೋಟ್ ಮತ್ತು ಕ್ರಿಸ್ ಪೈನ್ ಅವರ ಅಭಿನಯ ಚೆನ್ನಾಗಿದೆಯೆಂದು ನಮ್ಮ ಟಿಪ್ಪಣಿಯೂ ಹೇಳಿತ್ತು. ಚಿತ್ರ ಹಳಿ ತಪ್ಪುವುದು ಆಮೇಲೆ. ಆ ಕಲ್ಲಿನ ಶಕ್ತಿಯನ್ನು ತನ್ನೊಳಗೆ ಪಡೆದು ತಾನೇ ಕಲ್ಲಾಗುವ ಉದ್ಯಮಿ ಮ್ಯಾಕ್ಸ್‌ವೆಲ್ ಲಾರ್ಡ್ ಉಪಗ್ರಹದ ಮೂಲಕ ಲೋಕಕ್ಕೆಲ್ಲ ವರ ಹಂಚಿ, ಅಣುಯುದ್ಧ ಇನ್ನೇನು ಆರಂಭವಾಯಿತೆನ್ನುವಾಗ, ಡಯಾನಾಳ ಒಂದು ಭಾಷಣ ಕೇಳಿ ಜನರೆಲ್ಲ ತಮ್ಮ ವರಗಳನ್ನು ಹಿಂದಿರುಗಿಸುತ್ತಾರೆ, ಹಾರಿ ಬರುತ್ತಿದ್ದ ಕ್ಷಿಪಣಿಗಳು ಆಕಾಶದಲ್ಲೇ ಮಾಯವಾಗುತ್ತವೆ. ಎರಡೂವರೆ ಗಂಟೆ ನಡೆದ ಅನಾಹುತದ ಗುರುತು ಊರಲ್ಲೂ ಉಳಿಯುವುದಿಲ್ಲ, ಮನಸ್ಸಿನಲ್ಲೂ ಉಳಿಯುವುದಿಲ್ಲ. ಭಿತ್ತಿಪತ್ರಗಳಲ್ಲಿ ಅಷ್ಟೊಂದು ಮೆರೆಸಿದ ಚಿನ್ನದ ಕವಚ ಒಂದೇ ಹೊಡೆದಾಟಕ್ಕೆ ಚಿಂದಿಯಾಗುತ್ತದೆ. (ವಿಮಾನವನ್ನು ಅದೃಶ್ಯಗೊಳಿಸುವ ವಿದ್ಯೆ ಅವಳಿಗೆ ಹಾರುವ ಹೊತ್ತಿಗೆ ಸರಿಯಾಗಿ ನೆನಪಾಗುವುದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.) ನಮಗೆ ಹೆಚ್ಚು ಬೇಸರವಾದದ್ದು ಬಾರ್ಬರಾಳ ವಿಷಯದಲ್ಲಿ. ಯಾರ ಕಣ್ಣಿಗೂ ಬೀಳದ ಅಂಜುಬುರುಕಿ ವಿದ್ವಾಂಸೆಯೊಬ್ಬಳು ಅದೇ ಕಲ್ಲಿನಿಂದ ಬಲ ಬಂದೊಡನೆ ಅದರ ರುಚಿ ಹತ್ತಿ ಬದಲಾಗುವುದನ್ನು ಕ್ರಿಸ್ಟನ್ ವಿಗ್ ಎಷ್ಟು ನಂಬುವಂತೆ ತೋರಿಸಿದ್ದರು! ಅವಳನ್ನು ‘ಚೀತಾ’ ಎಂಬ ಅರೆಮೃಗದ ಖಳನಾಯಕಿ ಮಾಡಿ, ಸರಿಯಾಗಿ ಏನೂ ಕಾಣದ ಕತ್ತಲಲ್ಲಿ ಹೊಡೆದಾಡಿಸಿ, ಕೊನೆಗೆ ಅವಳ ಗತಿಯೇನಾಯಿತೆಂದು ಸ್ಪಷ್ಟವಾಗಿ ಹೇಳದೆ ಕೈಬಿಟ್ಟರು.

ಈಗ ತಮ್ಮ ಯಕ್ಷಗಾನದ ಮಾತಿಗೆ ಬರುತ್ತೇವೆ. ‘ಅಭಿಮನ್ಯು ಕಾಳಗ’ ನೋಡಲು ಹೋಗುವವರಿಗೆ ಹುಡುಗ ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲವೆಂಬುದು ಮೊದಲೇ ಗೊತ್ತು. ಅವರು ಕಾಯುವುದು ಈ ರಾತ್ರಿಯ ಭಾಗವತರ ಪದ್ಯಕ್ಕೆ, ಈ ರಾತ್ರಿಯ ವೇಷಧಾರಿಯ ಕುಣಿತಕ್ಕೆ, ಮಾತಿಗೆ. ಅಲ್ಲಿಯೂ ನಿರೀಕ್ಷೆಯಿದೆ. ಮೇಳದ ಅಭಿಮನ್ಯು ಸಪ್ಪೆಯಾದರೆ ಮರುದಿನ ಚಹಾದಂಗಡಿಯಲ್ಲಿ ಜನ ಏನೆನ್ನುತ್ತಾರೆಂಬುದನ್ನು ತೀರ್ಥಹಳ್ಳಿಯವರಾದ ತಮಗೆ ನಾವು ಹೇಳಬೇಕಾಗಿಲ್ಲ. ಅದರ ಮುಂದಿನ ಕಥೆ ‘ಸೈಂಧವ ವಧೆ’ಯನ್ನು ನೋಡಿ. ಪಾಂಡವರನ್ನು ವ್ಯೂಹದ ಬಾಗಿಲಲ್ಲಿ ತಡೆದ ಜಯದ್ರಥನನ್ನು ನಾಳೆ ಸೂರ್ಯ ಮುಳುಗುವುದರೊಳಗೆ ಕೊಲ್ಲದಿದ್ದರೆ ಬೆಂಕಿಗೆ ಬೀಳುವೆನೆಂದು ಅರ್ಜುನ ಶಪಥ ಮಾಡುವುದು ಮಗ ಸತ್ತನೆಂಬ ಕಾರಣಕ್ಕೆ. ಕೃಷ್ಣನೇ ಪಕ್ಕದಲ್ಲಿದ್ದರೂ ಅಭಿಮನ್ಯುವನ್ನು ಯಾರೂ ಎಬ್ಬಿಸಿಕೊಡುವುದಿಲ್ಲ. ಎಬ್ಬಿಸಿಕೊಟ್ಟರೆ ಆ ಶಪಥಕ್ಕೆ ನೆಲೆಯೇ ಇಲ್ಲ. ತಾವು ಕೊಟ್ಟ ಉದಾಹರಣೆ ಆದ್ದರಿಂದ ನಮ್ಮ ಪಕ್ಷಕ್ಕೇ ಹೆಚ್ಚು ಒದಗುತ್ತದೆ.

ಶಾಲೆಯ ಮಾತಿಗೆ ಬಂದರೆ, ಮೊದಲ ಚಿತ್ರವನ್ನೇ ತೋರಿಸಿ. ವಿಷಾನಿಲದ ಭಾಗವಿರುವುದರಿಂದ ಒಂಬತ್ತು, ಹತ್ತನೆಯ ತರಗತಿಯವರಿಗೆ ಸಾಕು, ಕಿರಿಯರಿಗೆ ಬೇಡ. ಕಿರಿಯರಿಗೆ ಎರಡನೆಯ ಚಿತ್ರದ ಆರಂಭವನ್ನಷ್ಟೇ ತೋರಿಸಬಹುದು. ಪಂದ್ಯದಲ್ಲಿ ಅಡ್ಡದಾರಿ ಹಿಡಿದ ಪುಟ್ಟ ಡಯಾನಾಳನ್ನು ಗೆಲುವಿನ ಗೆರೆಯ ಹತ್ತಿರವೇ ಅವಳ ಚಿಕ್ಕಮ್ಮ ಆಂಟಿಯೋಪಿ ಹಿಡಿದು ನಿಲ್ಲಿಸುವ ಆ ದೃಶ್ಯಕ್ಕೆ ಹಿಂದಿನದಾಗಲಿ ಮುಂದಿನದಾಗಲಿ ಕಥೆ ಗೊತ್ತಿರಬೇಕಾಗಿಲ್ಲ.

— ಸಂ.